ಡೆಂಟಿಸ್ಟ್‌ಗಳಿಗೆ ಒಇಟಿ ರೈಟಿಂಗ್: ಪತ್ರ ಯಾರಿಗೆ, ಯಾಕೆ?

ಹೈದರಾಬಾದಿನ ಕೊಂಡಾಪುರ, ಗಚ್ಚಿಬೌಲಿ ಕಡೆಯ ಕನ್ನಡದವರ ಮನೆಗಳಲ್ಲಿ ಒಬ್ಬರು ಐಟಿ, ಇನ್ನೊಬ್ಬರು ಬಿಡಿಎಸ್ ಆಗಿರೋದು ಅಪರೂಪವೇನಲ್ಲ. ಕಂಪನಿ ಮೆಲ್ಬರ್ನಿಗೆ ಕಳಿಸಿದರೆ ಐಟಿಯವರು ಲ್ಯಾಪ್‌ಟಾಪ್ ತೆಗೆದು ಕೆಲಸ ಶುರು ಮಾಡಬಹುದು. ಡೆಂಟಿಸ್ಟ್‌ಗೆ ಹಾಗಲ್ಲ. ಆಸ್ಟ್ರೇಲಿಯನ್ ಡೆಂಟಲ್ ಕೌನ್ಸಿಲ್‌ನ ಲಿಖಿತ, ಪ್ರಾಯೋಗಿಕ ಪರೀಕ್ಷೆಗಳು ಆಗಬೇಕು. ರಿಜಿಸ್ಟ್ರೇಷನ್‌ಗೆ ಇಂಗ್ಲಿಷ್ ಪುರಾವೆಯೂ ಬೇಕು. ಅದಿಲ್ಲದೆ ಇಷ್ಟು ವರ್ಷ ಓದಿದವರು ಮನೆಯಲ್ಲೇ ಕೂರಬೇಕು. ಆ ಪುರಾವೆಗೆ ಇರುವ ಒಂದು ದಾರಿ ಒಇಟಿ, ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್. ಇವತ್ತು ಅದರ ರೈಟಿಂಗ್ ಭಾಗ ಮಾತ್ರ ನೋಡೋಣ.

ಒಇಟಿ 12 ಆರೋಗ್ಯ ವೃತ್ತಿಗಳಿಗೆ ಇದೆ. ಲಿಸನಿಂಗ್, ರೀಡಿಂಗ್ ಎಲ್ಲರಿಗೂ ಒಂದೇ. ರೈಟಿಂಗ್, ಸ್ಪೀಕಿಂಗ್ ಆಯಾ ವೃತ್ತಿಯದ್ದು. ಹಾಗಾಗಿ ನರ್ಸ್‌ಗಳ ಬ್ಯಾಚಿಗೆ ಸೇರಿದರೂ ಅಭ್ಯಾಸಕ್ಕೆ ಡೆಂಟಿಸ್ಟ್ರಿಯ ಕೇಸ್ ನೋಟ್ಸನ್ನೇ ಕೇಳಿ ಪಡೆಯಿರಿ. ಸಮಯ 45 ನಿಮಿಷ. ಮೊದಲ 5 ನಿಮಿಷ ನೋಟ್ಸ್ ಓದೋಕೆ ಮಾತ್ರ, ಬರೆಯುವ ಹಾಗಿಲ್ಲ. ಉಳಿದ 40 ನಿಮಿಷದಲ್ಲಿ 180ರಿಂದ 200 ಪದಗಳ ಒಂದು ಪತ್ರ, ಹೆಚ್ಚಾಗಿ ರೆಫರಲ್ ಲೆಟರ್.

ಇಷ್ಟೇನಾ ಅನ್ನಿಸುತ್ತೆ. ಆದರೆ ನಮ್ಮಲ್ಲಿ ಎಷ್ಟೋ ರೆಫರಲ್ ಫೋನಿನಲ್ಲೇ ಮುಗಿಯುತ್ತೆ, ಇಲ್ಲಾ ಚೀಟಿಯಲ್ಲಿ ಎರಡು ಸಾಲು. ಆ ಅಭ್ಯಾಸದವರು ಪರೀಕ್ಷೆಯಲ್ಲಿ ಹೆದರಿ ನೋಟ್ಸಿನಲ್ಲಿರೋದನ್ನೆಲ್ಲ ತುಂಬಿಬಿಡ್ತಾರೆ. ಐಟಿ ಭಾಷೆಯಲ್ಲಿ ಹೇಳೋದಾದರೆ, ಇಡೀ ಲಾಗ್ ಫೈಲ್ ಅಂಟಿಸಿದ ಟಿಕೆಟ್!

ಒಂದು ಕೇಸ್ ಊಹಿಸಿಕೊಳ್ಳಿ. 58 ವರ್ಷದ ರೋಗಿ, ಬ್ಯಾಂಕಿನಿಂದ ನಿವೃತ್ತ, ಇಬ್ಬರು ಮಕ್ಕಳು. ಡಯಾಬಿಟಿಸ್ ಇದೆ, ವಾರ್ಫರಿನ್ ತಗೋತಾರೆ, ಪೆನಿಸಿಲಿನ್ ಅಲರ್ಜಿ. 48ನೇ ಹಲ್ಲು ಅಡ್ಡಲಾಗಿ ಸಿಕ್ಕಿಕೊಂಡಿದೆ, ಎಕ್ಸ್‌ರೇಯಲ್ಲಿ ಬೇರು ನರದ ಕಾಲುವೆಗೆ ಹತ್ತಿರ. ಪತ್ರ ಓರಲ್ ಸರ್ಜನ್‌ಗೆ ಅಂತಾದರೆ ಎಕ್ಸ್‌ರೇ ವಿವರ ಮುಖ್ಯ, 48 ಅಂತ ಬರೆದರೂ ಸಾಕು. ಅದೇ ಪತ್ರ ಫ್ಯಾಮಿಲಿ ಡಾಕ್ಟರ್‌ಗೆ ಅಂತಾದರೆ? ಅವರಿಗೆ 48 ಅಂದರೆ ಗೊತ್ತಾಗಬೇಕಂತಿಲ್ಲ. ಕೆಳದವಡೆಯ ಬಲಬದಿಯ ವಿಸ್ಡಮ್ ಟೂತ್ ಅನ್ನಬೇಕು. ಅವರಿಂದ ಬೇಕಾಗಿರೋದು ಇತ್ತೀಚಿನ ಐಎನ್‌ಆರ್, ವಾರ್ಫರಿನ್ ಬಗ್ಗೆ ಸಲಹೆ. ನರದ ಕಾಲುವೆ ಒಂದು ಮಾತಿನಲ್ಲಿ ಮುಗಿಯಲಿ. ಅಲರ್ಜಿಯನ್ನು ಎರಡರಲ್ಲೂ ಬಿಡಬೇಡಿ. ಬ್ಯಾಂಕು, ಮಕ್ಕಳು ಎರಡರಲ್ಲೂ ಬೇಡ.

ಮೌಲ್ಯಮಾಪನಕ್ಕೆ ಆರು ಮಾನದಂಡ. ಪತ್ರದ ಉದ್ದೇಶಕ್ಕೆ 3 ಅಂಕ. ವಿಷಯ, ಸಂಕ್ಷಿಪ್ತತೆ, ಶೈಲಿ, ಜೋಡಣೆ, ಭಾಷೆ ತಲಾ 7. ಗ್ರಾಮರ್ ಇರೋದು ಕೊನೆಯದರಲ್ಲಿ ಅಷ್ಟೇ. ಕೋಚಿಂಗಿನಲ್ಲಿ ಗ್ರಾಮರ್‌ಗೇ ತಿಂಗಳುಗಟ್ಟಲೆ ಕಳೆಯೋದು ನನಗಂತೂ ಸರಿ ಕಾಣಲ್ಲ.

ಹಾಗಂತ ಕನ್ನಡದವರು ಜಾರುವ ಜಾಗಗಳು ಇವೆ. ‘ಎರಡು ವಾರದಿಂದ ನೋವು’, ‘ಸೋಮವಾರದಿಂದ ನೋವು’ ಎರಡಕ್ಕೂ ನಮಗೆ ‘ಇಂದ’ ಒಂದೇ. ಇಂಗ್ಲಿಷಿನಲ್ಲಿ ವಾರ, ತಿಂಗಳಿನಂಥ ಅವಧಿಗೆ ‘ಫಾರ್’, ಶುರುವಾದ ದಿನಕ್ಕೆ ‘ಸಿನ್ಸ್’. ಜೊತೆಗೆ ‘ಈಸ್ ಹ್ಯಾವಿಂಗ್’ ಅಲ್ಲ, ‘ಹ್ಯಾಸ್ ಹ್ಯಾಡ್’. ‘ದ’, ‘ಎ’ ಥರದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ, ಅದಕ್ಕೇ ಬರೆದಾದ ಮೇಲೆ ಅದನ್ನು ಹುಡುಕೋಕೆ ಮೂರು ನಿಮಿಷ ಇಟ್ಟುಕೊಳ್ಳಿ. ಕೊನೆಯಲ್ಲಿ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಬೇಡ. ಏನು ಮಾಡಬೇಕು ಅನ್ನೋದನ್ನೇ ಬರೆಯಿರಿ.

ಮನೆಯ ಐಟಿಯವರಿಗೂ ಇಲ್ಲೊಂದು ಕೆಲಸ ಇದೆ. ಪತ್ರದ ಮೊದಲ ಎರಡು ಸಾಲು ಮಾತ್ರ ಅವರಿಗೆ ಓದಲು ಕೊಡಿ. ಯಾರು ಯಾರನ್ನು ಏನು ಕೇಳ್ತಿದ್ದಾರೆ ಅಂತ ಹೇಳೋಕೆ ಬಂದರೆ ಸರಿ, ಬರದಿದ್ದರೆ ಆ ಎರಡು ಸಾಲು ಮತ್ತೆ ಬರೆಯಿರಿ. ಬಿ ಗ್ರೇಡ್ 350ರಿಂದ ಶುರು. ನೀವು ಹೋಗುವ ದೇಶದ ಡೆಂಟಲ್ ಬೋರ್ಡ್ ರೈಟಿಂಗ್‌ಗೆ ಎಷ್ಟು ಕೇಳುತ್ತೆ ಅಂತ ಅವರ ವೆಬ್‌ಸೈಟಿನಲ್ಲೇ ನೋಡಿ, ಆಮೇಲೆ ಸ್ಲಾಟ್ ಬುಕ್ ಮಾಡಿ.