ರಕ್ತ ಮೊದಲು, ಕಾರಣ ಆಮೇಲೆ

‘ದಂಡುಪಾಳ್ಯ’ ಚಿತ್ರ ಎಂದರೆ ಹಲವರಿಗೆ ಇವತ್ತಿಗೂ ಕಣ್ಣಮುಂದೆ ಬರುವುದು ಬಾಗಿಲಲ್ಲಿ ನಿಂತು ನೀರು ಕೇಳುವ ಹೆಂಗಸು. ಮನೆಯಾಕೆ ಚೊಂಬು ತರಲು ಬೆನ್ನು ತಿರುಗಿಸಿದಳೋ, ಗ್ಯಾಂಗ್ ಒಳಗೆ ನುಗ್ಗಿತು ಎಂದೇ ಲೆಕ್ಕ. ಕತ್ತು ಸೀಳುವ ದೃಶ್ಯಗಳೆಲ್ಲ ಅದರ ನಂತರದ ಮಾತು.

ಬರ ಕಂಡ ಕಡೂರಿನ ಬಯಲುಸೀಮೆಯಲ್ಲಿ ಬಂದವರಿಗೆ ನೀರಿಲ್ಲ ಎನ್ನುವುದು ಆಗದ ಮಾತು. ತರೀಕೆರೆಯ ಅಡಿಕೆ ತೋಟದ ಒಂಟಿಮನೆಗಳಲ್ಲಿ, ಅಜ್ಜಂಪುರದ ಈರುಳ್ಳಿ ಹೊಲದಂಚಿನ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಒಬ್ಬರೇ ಇರುವುದು ಹೊಸದೇನಲ್ಲ. ನಿರ್ದೇಶಕ ಶ್ರೀನಿವಾಸ ರಾಜು ಕೈಯಿಟ್ಟದ್ದು ಈ ನಂಬಿಕೆಯ ಮೇಲೆ. ಹೊಸಕೋಟೆ ಬಳಿಯ ದಂಡುಪಾಳ್ಯದ ಹೆಸರು ಹೊತ್ತ ನಿಜವಾದ ಗ್ಯಾಂಗಿನ ಕಥೆ ಎಂಬ ಮಾತು ದಿಗಿಲನ್ನು ಇಮ್ಮಡಿಸಿತು. 2012ರಲ್ಲಿ ಬಂದ ಚಿತ್ರ ಗೆದ್ದಿತು. ಪೂಜಾ ಗಾಂಧಿಯವರ ‘ಮಳೆ ಹುಡುಗಿ’ ಇಮೇಜು ಒಂದೇ ಏಟಿಗೆ ಅಳಿಸಿಹೋಯಿತು.

ಜಗಳ ಶುರುವಾದದ್ದು 2017ರ ಜುಲೈನಲ್ಲಿ, ಎರಡನೇ ಭಾಗ ಬಂದಾಗ. ಅದೇ ನಿರ್ದೇಶಕ, ಅದೇ ಗ್ಯಾಂಗು, ಪೊಲೀಸ್ ಅಧಿಕಾರಿಯಾಗಿ ಅದೇ ರವಿಶಂಕರ್. ಆದರೆ ಕಥೆ ಹೇಳುವ ಬಾಯಿ ಬೇರೆ. ಶ್ರುತಿ ಮಾಡಿದ ಪತ್ರಕರ್ತೆಯ ಮೂಲಕ ಈ ಸಲ ಆರೋಪಿಗಳ ಮಾತು ಕೇಳಿಸಿತು. ಮೊದಲ ಭಾಗದಲ್ಲಿ ಚಪ್ಪಾಳೆ ಗಿಟ್ಟಿಸಿದ ಖಾಕಿ ಇಲ್ಲಿ ಕಟಕಟೆಗೆ ಬಂತು. ಮೈ ನಡುಗಿಸುವ ಕೊಲೆಗಳಿಗಾಗಿ ಟಿಕೆಟ್ ಕೊಂಡವರಿಗೆ ಸಿಕ್ಕಿದ್ದು ಲಾಕಪ್ಪಿನ ಹೊಡೆತ. ಕೊಲೆಗಡುಕರಿಗೂ ಮರುಕವೇ ಎಂದು ಕೆಲವರು ಸಿಡುಕಿದರೆ, ಇನ್ನೊಂದು ಮಗ್ಗುಲನ್ನೂ ತೋರಿಸಲಿ ಬಿಡಿ ಎಂದರು ಇನ್ನು ಕೆಲವರು. ಸೆನ್ಸಾರ್ ಕತ್ತರಿಸಿದ ದೃಶ್ಯಗಳು ಆನ್‌ಲೈನ್‌ನಲ್ಲಿ ಸೋರಿದ ಮೇಲಂತೂ ಚಿತ್ರದ ಮಾತು ಹಿಂದೆ ಸರಿದು ಗದ್ದಲವೇ ಮುಂದಾಯಿತು.

ನಮ್ಮ ಜನಕ್ಕೆ ರಕ್ತ ಕಂಡರಾಗದು ಎನ್ನುವಂತಿಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಹಳ್ಳಿಯ ಹವ್ಯಾಸಿಗಳು ಬೆಳಗಿನ ಜಾವದವರೆಗೆ ಆಡಿದ್ದಾರೆ, ಜನ ಕಂಬಳಿ ಹೊದ್ದು ಕೂತು ನೋಡಿದ್ದಾರೆ. ಅದೂ ಒಂದು ‘ಎರಡನೇ ಭಾಗ’ವೇ: ಕುರುಕ್ಷೇತ್ರ ಮುಗಿದ ಮೇಲಿನ ಕಥೆ. ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಯಾರೂ ಕ್ಷಮಿಸುವುದಿಲ್ಲ. ಆದರೂ ಅವನ ಸಂಕಟಕ್ಕೆ ಕಿವಿಗೊಡುತ್ತಾರೆ. ಸುಳ್ಳು ಸುದ್ದಿ ನಂಬಿ ಶಸ್ತ್ರ ಕೆಳಗಿಟ್ಟ ಅವನ ತಂದೆ ದ್ರೋಣ ಹೇಗೆ ಸತ್ತನೆಂಬುದು ಪರದೆ ಏಳುವ ಮೊದಲೇ ಎಲ್ಲರಿಗೂ ಗೊತ್ತು.

‘ದಂಡುಪಾಳ್ಯ’ ಎಡವಿದ್ದು ಇಲ್ಲಿ. ಮೊದಲ ಭಾಗ ಪ್ರೇಕ್ಷಕರಿಗೆ ಬಾಗಿಲ ಚಿಲಕ ಹಾಕುವುದನ್ನು ಕಲಿಸಿತು. ಐದು ವರ್ಷ ಬಿಟ್ಟು ಬಂದ ಎರಡನೆಯದು ಅದೇ ಬಾಗಿಲು ತೆರೆಯಿರಿ ಎಂದಿತು. ಪೊಲೀಸ್ ದೌರ್ಜನ್ಯದ ಪ್ರಶ್ನೆ ಸುಳ್ಳಲ್ಲ, ಕೇಳಲೇಬೇಕಾದದ್ದು. ಆದರೆ ಹೆದರಿಸಿ ಹಣ ಮಾಡಿದ ಕಥೆಯೇ ಆ ಪ್ರಶ್ನೆ ಎತ್ತಿದಾಗ, ನ್ಯಾಯ ಕೇಳುತ್ತಿದೆಯೋ ವ್ಯಾಪಾರ ಮುಂದುವರಿಸುತ್ತಿದೆಯೋ ಎಂಬ ಗುಮಾನಿ ಪ್ರೇಕ್ಷಕರಿಗೆ ಬಂದರೆ ಅದು ಅವರ ತಪ್ಪಲ್ಲ. ಮರುವರ್ಷವೇ ಮೂರನೇ ಭಾಗ ಬಂದದ್ದು ಆ ಗುಮಾನಿಯನ್ನು ಕಳೆಯಲಂತೂ ಇಲ್ಲ.