ಅಚ್ಚಾಗದ ಚಿತ್ರಗಳಿಂದ ಬೆಳ್ಳಿತೆರೆಗೆ

ಅಮೆರಿಕದ ಗಾರ್ಡನ್ ಪಾರ್ಕ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತಾರೆ: ಛಾಯಾಗ್ರಾಹಕ, ಕಾದಂಬರಿಕಾರ, ಕವಿ, ಸಂಗೀತ ಸಂಯೋಜಕ, ಸಿನಿಮಾ ನಿರ್ದೇಶಕ. ಮೊದಲ ಕಾದಂಬರಿ ಬಂದಾಗ ಅವರಿಗೆ ಐವತ್ತು, ಮೊದಲ ಕಥಾಚಿತ್ರ ತೆರೆಕಂಡಾಗ ಐವತ್ತಾರು. ಬಹುಮುಖ ಪ್ರತಿಭೆ ಎಂದು ಕೈಮುಗಿದು ಮುಂದೆ ಹೋದರೆ ಅಸಲಿ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾದಿಂದಲೇ ಹೆಸರು, ಹಣ ಎರಡನ್ನೂ ಗಳಿಸಿದ್ದವರು ಆ ವಯಸ್ಸಿನಲ್ಲಿ ಬೇರೆ ಮಾಧ್ಯಮಗಳತ್ತ ಹೊರಳಿದ್ದೇಕೆ? ತಾವು ತೆಗೆದ ಚಿತ್ರ ಏನು ಹೇಳಬೇಕೆಂಬುದನ್ನು ಇನ್ನೊಬ್ಬರು ತೀರ್ಮಾನಿಸುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ ಎಂಬುದು ನನ್ನ ವಾದ.

1912ರಲ್ಲಿ ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್‌ನಲ್ಲಿ, ಹದಿನೈದು ಮಕ್ಕಳ ಬಡ ಕುಟುಂಬದ ಕೊನೆಯ ಮಗನಾಗಿ ಹುಟ್ಟಿದ ಪಾರ್ಕ್ಸ್ ರೈಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾಗ, ಅಡವಿನಂಗಡಿಯಲ್ಲಿ ಹಳೆಯ ಕ್ಯಾಮೆರಾ ಕೊಂಡರು. ಸೇಂಟ್ ಪಾಲ್ ನಗರದ ಬಟ್ಟೆಯಂಗಡಿಗೆ ತೆಗೆದ ಫ್ಯಾಷನ್ ಚಿತ್ರಗಳು ಅವರ ಮೊದಲ ವೃತ್ತಿಪರ ಕೆಲಸಗಳಲ್ಲಿ ಸೇರಿವೆ. 1942ರಲ್ಲಿ ಸರ್ಕಾರಿ ಯೋಜನೆಯೊಂದಕ್ಕಾಗಿ ವಾಷಿಂಗ್ಟನ್ನಿನಲ್ಲಿ ದುಡಿಯುವಾಗ, ಕಚೇರಿ ಗುಡಿಸುವ ಎಲ್ಲಾ ವಾಟ್ಸನ್ ಅವರನ್ನು ರಾಷ್ಟ್ರಧ್ವಜದ ಮುಂದೆ ಪೊರಕೆಯೊಂದಿಗೆ ನಿಲ್ಲಿಸಿ ತೆಗೆದ ಚಿತ್ರ ಇಂದಿಗೂ ಪ್ರಸಿದ್ಧ. ಮುಂದೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ, 'ವೋಗ್' ಪತ್ರಿಕೆ. 1948ರಲ್ಲಿ 'ಲೈಫ್' ಪತ್ರಿಕೆಗಾಗಿ ಹಾರ್ಲೆಮ್‌ನ ಹದಿಹರೆಯದ ಗುಂಪೊಂದರ ನಾಯಕನ ಬೆನ್ನು ಹತ್ತಿ ನೂರಾರು ಚಿತ್ರ ತೆಗೆದರು. ಮನೆ, ತಾಯಿ, ಬಿಡುವಿನ ಗಳಿಗೆ ಎಲ್ಲವೂ ಅದರಲ್ಲಿದ್ದವು. ಸಂಪಾದಕರು ಆಯ್ದು ಜೋಡಿಸಿದಾಗ ಎದ್ದು ಕಂಡದ್ದು ಹಿಂಸೆ ಮತ್ತು ಭಯ. ಆ ಲೇಖನವೇ ಅವರನ್ನು 'ಲೈಫ್'ನ ಮೊದಲ ಕಪ್ಪು ವರ್ಣೀಯ ಸಿಬ್ಬಂದಿ ಛಾಯಾಗ್ರಾಹಕನ ಸ್ಥಾನಕ್ಕೆ ಒಯ್ದಿತು ಎಂಬುದೂ ನಿಜ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ 1950ರದು. ಶಾಲೆಗಳಲ್ಲಿನ ವರ್ಣಭೇದದ ಬಗ್ಗೆ ಚಿತ್ರಲೇಖನ ಮಾಡಲು ಪತ್ರಿಕೆ ಅವರನ್ನು ಹುಟ್ಟೂರಿಗೇ ಕಳಿಸಿತು. ಕಪ್ಪು ಮಕ್ಕಳಿಗೆಂದೇ ಮೀಸಲಾಗಿದ್ದ ಶಾಲೆಯಲ್ಲಿ ತಮ್ಮೊಂದಿಗೆ ಓದಿದ ಹನ್ನೊಂದು ಮಂದಿಯನ್ನು ಪಾರ್ಕ್ಸ್ ಹುಡುಕಿ ಹೊರಟರು. ಹೆಚ್ಚಿನವರು ಊರು ಬಿಟ್ಟಿದ್ದರು. ಷಿಕಾಗೊ, ಡೆಟ್ರಾಯಿಟ್, ಸೇಂಟ್ ಲೂಯಿಸ್ ಎಂದು ಅಲೆದು ಅವರ ಮನೆಬಾಗಿಲಿಗೇ ಹೋಗಿ ಚಿತ್ರ ತೆಗೆದರು. 'ಲೈಫ್' ಆ ಲೇಖನವನ್ನು ಪ್ರಕಟಿಸಲೇ ಇಲ್ಲ. 2015ರಲ್ಲಿ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯ ಆ ಚಿತ್ರಗಳನ್ನು ಪ್ರದರ್ಶಿಸಿದಾಗ ಪಾರ್ಕ್ಸ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಊರಿನ ಕಥೆಯನ್ನು ಅವರು ಕೈಬಿಟ್ಟಿರಲಿಲ್ಲ. 1963ರ 'ದಿ ಲರ್ನಿಂಗ್ ಟ್ರೀ' ಕಾದಂಬರಿಯಲ್ಲಿ ಫೋರ್ಟ್ ಸ್ಕಾಟ್ ಬೇರೆ ಹೆಸರು ಹೊತ್ತು ಬಂತು. 1969ರಲ್ಲಿ ಅದೇ ಕಥೆಯನ್ನು ಅದೇ ಊರಿನಲ್ಲಿ ಸಿನಿಮಾ ಮಾಡಿದರು. ಚಿತ್ರಕಥೆ, ನಿರ್ಮಾಣ, ನಿರ್ದೇಶನ, ಸಂಗೀತ ಎಲ್ಲವೂ ಅವರವೇ. ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಒಂದಕ್ಕೆ ಸಿನಿಮಾ ನಿರ್ದೇಶಿಸಿದ ಮೊದಲ ಕಪ್ಪು ವರ್ಣೀಯ ಎಂಬ ದಾಖಲೆಗಿಂತ, ಇಷ್ಟು ಹೊಣೆಗಳನ್ನು ಒಬ್ಬರೇ ಹೊತ್ತರು ಎಂಬುದು ನನಗೆ ಹೆಚ್ಚು ಮುಖ್ಯ. ಈ ಸಲ ಆಯುವ, ಜೋಡಿಸುವ ಕೆಲಸವನ್ನು ಅವರು ಬೇರೆಯವರಿಗೆ ಬಿಡಲಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಪತ್ರಿಕೆಗಳಲ್ಲಿ ಹೊಸ ಸುದ್ದಿ ಬಂದು ಸಿದ್ಧ ಲೇಖನ ಹಿಂದೆ ಸರಿಯುವುದು ಮಾಮೂಲು, ಅದನ್ನೇ ಅನ್ಯಾಯವೆನ್ನಬಹುದೇ? ಉದ್ದೇಶ ಏನೇ ಇರಲಿ, ಕೊನೆಯ ಮಾತು ಛಾಯಾಗ್ರಾಹಕನದಲ್ಲ ಎಂಬುದು ಅದರಿಂದಲೂ ಸ್ಪಷ್ಟವಾಗುತ್ತದೆ. ಸಂಗೀತದ ವಿಷಯದಲ್ಲಿ ಮಾತ್ರ ನನ್ನ ವಾದ ನಿಲ್ಲುವುದಿಲ್ಲ, ಏಕೆಂದರೆ ಕ್ಯಾಮೆರಾ ಹಿಡಿಯುವ ಮೊದಲೇ ಅವರು ಪಿಯಾನೊ ನುಡಿಸಿ ಹೊಟ್ಟೆ ಹೊರೆದವರು. 1971ರ 'ಷಾಫ್ಟ್' ಅಪ್ಪಟ ವ್ಯಾಪಾರಿ ಚಿತ್ರವಲ್ಲವೇ ಎಂದೂ ಕೇಳಬಹುದು. ಹೌದು. ಆದರೆ ಫ್ಯಾಷನ್ ಪುಟಗಳಲ್ಲಿ ಪಳಗಿದ ಕಣ್ಣೇ ಅಲ್ಲಿ ಕಪ್ಪು ಪತ್ತೇದಾರನೊಬ್ಬನನ್ನು ಯಾರಿಗೂ ತಲೆಬಾಗದ ನಾಯಕನಾಗಿ, ಠೀವಿಯಿಂದ ನಡೆಸಿತು. ವಾಣಿಜ್ಯ ಛಾಯಾಗ್ರಹಣ ಕಲೆಗೆ ಅಡ್ಡಿ ಎನ್ನುವವರು ಆ ನಡಿಗೆಯನ್ನೊಮ್ಮೆ ನೋಡಬೇಕು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 1989ರಲ್ಲಿ ಆಯ್ದ ಮೊದಲ 25 ಸಿನಿಮಾಗಳಲ್ಲಿ 'ದಿ ಲರ್ನಿಂಗ್ ಟ್ರೀ' ಕೂಡ ಒಂದು.