ನಾಲ್ಕು ಪೈಸೆಯ ಪಾಲು

ಗಿಂಡಿಯ ಸರ್ದಾರ್ ಪಟೇಲ್ ರಸ್ತೆಯಲ್ಲಿ, ಗಾಂಧಿ ಮಂಟಪದ ಪಕ್ಕದಲ್ಲೇ ಕಾಮರಾಜರ ಸ್ಮಾರಕವಿದೆ. 1975ರ ಅಕ್ಟೋಬರ್ 2ರಂದು ತೀರಿಕೊಂಡ ಅವರ ಅಂತ್ಯಕ್ರಿಯೆ ನಡೆದದ್ದು ಇಲ್ಲೇ. ಚೆನ್ನೈಗೆ ಬರುವ ನಮ್ಮ ಕಡೆಯವರು ಮಕ್ಕಳ ಪಾರ್ಕು, ಹಾವಿನ ಪಾರ್ಕು ನೋಡಿಕೊಂಡು ಹೊರಟುಬಿಡುತ್ತಾರೆ. ನಾನು ಮಾತ್ರ ಊರಿನಿಂದ ಬಂದವರನ್ನು ಈ ಸ್ಮಾರಕಕ್ಕೆ ಕರೆದೊಯ್ಯದೆ ಬಿಡುವುದಿಲ್ಲ. ಬಡವರ ಮಕ್ಕಳ ಹಸಿವಿನ ಬಗ್ಗೆ ಇಷ್ಟು ನೇರವಾಗಿ ಯೋಚಿಸಿದ ರಾಜಕಾರಣಿಗಳು ವಿರಳ.

ತಂದೆ ಹೋದ ಮೇಲೆ ಓದು ಬಿಟ್ಟು ಸೋದರಮಾವನ ಬಟ್ಟೆ ಅಂಗಡಿ ಸೇರಿದ ವಿರುದುನಗರದ ಹುಡುಗ ಅವರು. 1954ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾದರು. ದನ ಕಾಯುವ ಹುಡುಗನಿಗೆ ಒಂದು ಹೊತ್ತಿನ ಗಂಜಿಯಾದರೂ ಸಿಗುತ್ತದೆ, ಶಾಲೆಗೆ ಹೋದರೆ ಅದೂ ಇಲ್ಲ. ಮತ್ತೆ ಯಾಕೆ ಹೋದಾನು? ಹಾಗಾಗಿ 1956ರಲ್ಲಿ ಶಾಲೆಯಲ್ಲೇ ಮಧ್ಯಾಹ್ನದ ಊಟ ಶುರುವಾಯಿತು. ಬೊಕ್ಕಸದಲ್ಲಿ ಅಷ್ಟು ದುಡ್ಡಿರಲಿಲ್ಲ. ಕಾಮರಾಜರೂ ಶಿಕ್ಷಣ ನಿರ್ದೇಶಕ ಸುಂದರವಡಿವೇಲು ಅವರೂ ಊರೂರಿನ ಜನರನ್ನು ಕೇಳಿದರು. ಒಂದು ಊಟಕ್ಕೆ ಹತ್ತು ಪೈಸೆ: ಆರು ಪೈಸೆ ಸರ್ಕಾರದ್ದು, ನಾಲ್ಕು ಪೈಸೆ ಊರಿನದ್ದು. ಕೊಟ್ಟವರು ಯಾರು ಎಂಬುದು ಉಣ್ಣುವ ಮಗುವಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಈ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಮುಂದೆ 1982ರಲ್ಲಿ ಎಂಜಿಆರ್ ಅದನ್ನು ವಿಸ್ತರಿಸಿದರು. 2001ರ ಸುಪ್ರೀಂ ಕೋರ್ಟ್ ಆದೇಶದಿಂದ ಬಿಸಿಯೂಟ ದೇಶಕ್ಕೆಲ್ಲ ಹಬ್ಬಿತು. ನಮ್ಮ ಕರ್ನಾಟಕದಲ್ಲಿ ಅದು 2002ರಲ್ಲಿ ಅಕ್ಷರ ದಾಸೋಹವಾಯಿತು.

ದಾಸೋಹ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಸಿದ್ಧಗಂಗೆಯ ಮುದ್ದೆ ಉಂಡು ಬೆಳೆದವನು. ಅಪ್ಪ ಕೂಲಿಯವರು, ಮಠದ ಹಾಸ್ಟೆಲ್ಲು ಇರದಿದ್ದರೆ ನಾನು ಐಟಿಐ ಮುಗಿಸಿ ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ಟರ್ನರ್ ಆಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತರೆ ಯಾರ ಮನೆಯಲ್ಲಿ ಜಮೀನಿದೆ, ಯಾರದು ಯಾವ ಜಾತಿ ಎಂದು ಕೇಳುವವರಿರಲಿಲ್ಲ. ಭಕ್ತರು ಹೊಲದಿಂದ ಕಳಿಸಿದ ರಾಗಿ ನಮ್ಮ ತಟ್ಟೆಗೆ ಬರುತ್ತಿತ್ತು. ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೇಳಿದರು. ಅದನ್ನು ಕೇಳಿದ ದಿನ ನನಗೆ ತುತ್ತು ಇಳಿಯಲಿಲ್ಲ.

ಅದಕ್ಕೇ, ಹುಡುಗರನ್ನು ವೇದಿಕೆಗೆ ಕರೆದು, ನೋಟ್‌ಬುಕ್ ಕೈಗಿಟ್ಟು ಫೋಟೊ ಹಿಡಿಸಿಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಫೋಟೊ ಆ ಹುಡುಗನ ಹೆಸರಿಗೆ ಅಂಟಿಕೊಂಡೇ ಇರುತ್ತದೆ.

ಶಾಲೆಯ ಊಟದ ಏರ್ಪಾಡು ಈಗ ಗಟ್ಟಿಯಾಗಿದೆ. ಕಷ್ಟ ಇರುವುದು ಶಾಲೆ ಮುಗಿದ ಮೇಲೆ. ಸ್ಮಾರಕವಿರುವ ಅದೇ ರಸ್ತೆಯಲ್ಲಿ ಗಿಂಡಿ ಇಂಜಿನಿಯರಿಂಗ್ ಕಾಲೇಜಿದೆ. 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿದ್ದು. ಕೆಲವು ವರ್ಷದ ಹಿಂದೆ ತಾಳವಾಡಿಯ ಹುಡುಗನೊಬ್ಬನಿಗೆ ಅಲ್ಲಿ ಸೀಟು ಸಿಕ್ಕಿತು. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದು, ಮನೆಮಾತು ಕನ್ನಡ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡಿನ ಇಂಜಿನಿಯರಿಂಗ್ ಸೀಟುಗಳಲ್ಲಿ 2021ರಿಂದ ಶೇ. 7.5 ಮೀಸಲಾತಿ ಇದೆ; ಆ ಕೋಟಾದಲ್ಲಿ ಬಂದವರ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಸರ್ಕಾರದ್ದೇ. ಇವನು ಓದಿದ್ದು ಅನುದಾನಿತ ಶಾಲೆ. ಮನೆಯ ಮೊದಲ ಪದವೀಧರ ಎಂಬ ಲೆಕ್ಕದಲ್ಲಿ ಬೋಧನಾ ಶುಲ್ಕದ ರಿಯಾಯಿತಿಯಷ್ಟೇ ಸಿಕ್ಕಿತು.

ಪರಿಚಯದವರೊಬ್ಬರ ಮೂಲಕ ಅವನ ತಾಯಿ ನಮ್ಮ ಮನೆಗೆ ಬಂದಿದ್ದರು. "ಫೀಸ್‌ಗೆ ಏನೋ ರಿಯಾಯ್ತಿ ಅಂದ್ರು ಅಣ್ಣ. ಮೆಸ್ ದುಡ್ಡು ತಿಂಗ್ತಿಂಗ್ಳೂ ಬತ್ತದಂತಲ್ಲ, ಅದ್ಕೆ ಏನ್ ಮಾಡದು?" ಅವರು ಕೇಳಿದ್ದು ಅಷ್ಟೇ. ಮೆಸ್ ಬಿಲ್ಲಿನ ಹಿಂದೆ ಡ್ರಾಫ್ಟರು, ಲ್ಯಾಬ್ ಕೋಟು, ಕ್ಯಾಲ್ಕುಲೇಟರು, ಪರೀಕ್ಷಾ ಶುಲ್ಕ ಸಾಲಾಗಿ ಬಂದವು. ಮೊದಲ ದೀಪಾವಳಿಗೆ ಹುಡುಗ ಓದುವುದಿದೆ ಎಂದು ಹಾಸ್ಟೆಲಲ್ಲೇ ಉಳಿದ. ಅಡ್ಡಿಯಾದದ್ದು ಬಸ್ ಚಾರ್ಜು ಎಂದು ತಿಳಿದದ್ದು ಪೊಂಗಲ್ ಹೊತ್ತಿಗೆ. ಕಾಲೇಜು ಬಿಡುವ ಮಕ್ಕಳು ಹೆಚ್ಚಾಗಿ ಬಿಡುವುದು ಇಂಥ ಸಣ್ಣ ಖರ್ಚುಗಳಿಗೆ ಎಂದು ನಾನು ನಂಬಿದ್ದೇನೆ.

ದೊಡ್ಡ ಮಟ್ಟದಲ್ಲಿ ಇದನ್ನು ಅರಿತು ಮಾಡುತ್ತಿರುವವರಿದ್ದಾರೆ. ನಟ ಸೂರ್ಯ 2006ರಲ್ಲಿ ಆರಂಭಿಸಿದ ಅಗರಂ ಫೌಂಡೇಷನ್ 2010ರಿಂದ 'ವಿದೈ' ಎಂಬ ಯೋಜನೆ ನಡೆಸುತ್ತಿದೆ. ಸ್ವಯಂಸೇವಕರು ಅರ್ಜಿ ಹಾಕಿದವರ ಮನೆಗೇ ಹೋಗಿ ಸ್ಥಿತಿ ನೋಡುತ್ತಾರೆ. ಆಯ್ಕೆಯಾದವರಿಗೆ ಓದು, ವಸತಿಯ ಜೊತೆಗೆ ದಾರಿ ತೋರಿಸುವವರೂ ಸಿಗುತ್ತಾರೆ.

ನಮ್ಮದು ಎಸ್ಟೇಟಿನಿಂದ ನಿವೃತ್ತರಾದ ಐವರ ಪುಟ್ಟ ಗುಂಪು. ಪ್ರತಿ ತಿಂಗಳು ಒಂದನೇ ತಾರೀಕು ತಾಳವಾಡಿಯ ಆ ಹುಡುಗನ ಬ್ಯಾಂಕ್ ಖಾತೆಗೆ ಹಣ ಹೋಗುತ್ತದೆ. ಅವನು ಕೇಳುವ ಹಾಗಿಲ್ಲ, ನಾವು ನೆನಪಿಸುವ ಹಾಗಿಲ್ಲ. ಮಾರ್ಕ್ಸ್ ಕೇಳಿ ಫೋನು ಮಾಡಕೂಡದು ಎಂದೂ ಮಾತಾಗಿದೆ. ಈಗ ಅವನದು ಕೊನೆಯ ವರ್ಷ. ಬರುವ ವರ್ಷ ಅದೇ ಊರಿನ ಹುಡುಗಿಯೊಬ್ಬಳು ನರ್ಸಿಂಗ್ ಓದಲು ಬರುವವಳಿದ್ದಾಳೆ. ನಮ್ಮ ಐವರದೇ ಸಾಲದು ಎಂದು ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡುತ್ತಿದ್ದೇನೆ. ಇಬ್ಬರು ತಿಂಗಳಿಗೆ ಐನೂರರಂತೆ ಒಪ್ಪಿದ್ದಾರೆ.